ಮುಕ್ತ ತಂತ್ರಾಂಶದ ವಿಡಿಯೊ ಡೌನ್‌ಲೋಡ್ ಸಾಧನಗಳು ಮತ್ತು ಕೃತಿಸ್ವಾಮ್ಯ ವಿವಾದಗಳು: ನಾಗರಿಕರಿಗೆ ಮಾಹಿತಿ

1. ಪೀಠಿಕೆ

ಅಂತರ್ಜಾಲದಲ್ಲಿ ಲಭ್ಯವಿರುವ ವಿಡಿಯೊಗಳನ್ನು ಗಣಕಯಂತ್ರಕ್ಕೆ ಅಥವಾ ಮೊಬೈಲ್ ದೂರವಾಣಿಗೆ ಇಳಿಸಿಕೊಳ್ಳಲು ಅನೇಕ ಉಚಿತ ಸಾಧನಗಳು ಬಳಕೆಯಲ್ಲಿವೆ. ಇವುಗಳಲ್ಲಿ ಕೆಲವು ಮುಕ್ತ ತಂತ್ರಾಂಶಗಳಾಗಿದ್ದು, ಅವುಗಳ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು ಹಾಗೂ ಹಂಚಬಹುದು. ಇಂತಹ ಸಾಧನಗಳನ್ನು ಬಳಸುವುದು ಅಪರಾಧವೇ, ಇಳಿಸಿಕೊಂಡ ವಿಡಿಯೊವನ್ನು ಯಾವ ಮಿತಿಯಲ್ಲಿ ಉಪಯೋಗಿಸಬಹುದು, ನೋಟಿಸು ಬಂದಲ್ಲಿ ಏನು ಮಾಡಬೇಕು ಎಂಬ ಪ್ರಶ್ನೆಗಳು ನಾಗರಿಕರಲ್ಲಿ ಏಳುವುದು ಸಹಜ.

ಕಿತ್ತೂರು ತಾಲ್ಲೂಕಿನ ಎಂ.ಕೆ. ಹುಬ್ಬಳ್ಳಿ ಪಟ್ಟಣ ಹಾಗೂ ಸುತ್ತಲಿನ ಬೈಲಹೊಂಗಲ, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಶಿಕ್ಷಕರು, ಮದುವೆ ಚಿತ್ರೀಕರಣ ಮಾಡುವ ಸ್ಟುಡಿಯೊ ಮಾಲೀಕರು, ಮೊಬೈಲ್ ಅಂಗಡಿಯವರು, ಭಜನಾ ಮೇಳದವರು ಹಾಗೂ ಜನಪದ ಕಲಾವಿದರಿಗೆ ಉಪಯುಕ್ತವಾಗುವಂತೆ ಈ ಮಾಹಿತಿಯನ್ನು ಸಿದ್ಧಪಡಿಸಲಾಗಿದೆ. ಇದರ ಸಾರಾಂಶ ಇಷ್ಟೇ: ಸಾಧನ ಬೇರೆ, ಅದರ ಬಳಕೆ ಬೇರೆ. ಭಾರತದ ಕಾನೂನು ಮುಖ್ಯವಾಗಿ ಪರಿಶೀಲಿಸುವುದು ಯಾವ ಕೃತಿಯನ್ನು, ಯಾವ ಉದ್ದೇಶಕ್ಕೆ, ಯಾರ ಅನುಮತಿಯಿಂದ ಬಳಸಲಾಯಿತು ಎಂಬುದನ್ನು.

2. ಸಾಧನವು ಕೆಲಸ ಮಾಡುವ ರೀತಿ

ವಿಡಿಯೊ ಜಾಲತಾಣವನ್ನು ತೆರೆದಾಗ, ವೀಕ್ಷಕನ ಬ್ರೌಸರ್ ಆ ತಾಣದಿಂದ ವಿಡಿಯೊದ ದತ್ತಾಂಶವನ್ನು ತುಣುಕು ತುಣುಕಾಗಿ ತರಿಸಿಕೊಂಡು ಪರದೆಯ ಮೇಲೆ ತೋರಿಸುತ್ತದೆ. ಡೌನ್‌ಲೋಡ್ ಸಾಧನವೂ ಅದೇ ದತ್ತಾಂಶವನ್ನು ತರಿಸಿಕೊಳ್ಳುತ್ತದೆ. ಆದರೆ ತೋರಿಸಿ ಬಿಡುವ ಬದಲು ಅದನ್ನು ಒಂದು ಕಡತವಾಗಿ ಉಳಿಸುತ್ತದೆ. ವಿವಾದಗಳ ಮೂಲವಿರುವುದು ಈ ವ್ಯತ್ಯಾಸದಲ್ಲಿಯೇ.

ಈ ವರ್ಗದಲ್ಲಿ ಹೆಚ್ಚು ಪರಿಚಿತವಾದುದು 'ಯೂಟ್ಯೂಬ್-ಡಿಎಲ್'. ಇದನ್ನು 2006ರಲ್ಲಿ ಸ್ಪೇನ್ ದೇಶದ ರಿಕಾರ್ಡೊ ಗಾರ್ಸಿಯಾ ಅವರು ಆರಂಭಿಸಿದರು. ಮುಂದೆ ಅನೇಕ ಸ್ವಯಂಸೇವಕರು ಇದರ ಅಭಿವೃದ್ಧಿಯಲ್ಲಿ ಕೈಜೋಡಿಸಿದರು. ಪೈಥಾನ್ ಭಾಷೆಯಲ್ಲಿ ರಚಿತವಾದ ಈ ತಂತ್ರಾಂಶವನ್ನು ಸಾರ್ವಜನಿಕ ಸ್ವತ್ತಾಗಿ ಬಿಡುಗಡೆ ಮಾಡಲಾಗಿದೆ. ಇದರ ಆಧಾರದ ಮೇಲೆ 'ವೈಟಿ-ಡಿಎಲ್‌ಪಿ' ಎಂಬ ಮತ್ತೊಂದು ಸಾಧನವು 2021ರಿಂದ ಬಳಕೆಯಲ್ಲಿದೆ. ವಿಕಿಮೀಡಿಯ ಕಾಮನ್ಸ್ ಎಂಬ ಮುಕ್ತ ಸಂಗ್ರಹಕ್ಕೆ ಮುಕ್ತ ಪರವಾನಗಿಯುಳ್ಳ ವಿಡಿಯೊಗಳನ್ನು ಸೇರಿಸುವ ಕಾರ್ಯದಲ್ಲಿಯೂ ಇಂತಹ ಸಾಧನಗಳು ಬಳಕೆಯಾಗಿವೆ. ಒಂದೇ ಸಾಧನವು ಕಾನೂನುಬದ್ಧ ಕಾರ್ಯಕ್ಕೂ ಉಲ್ಲಂಘನೆಗೂ ಒದಗಬಲ್ಲದು ಎಂಬುದನ್ನು ಇದರಿಂದ ಗಮನಿಸಬಹುದು.

3. ಯೂಟ್ಯೂಬ್-ಡಿಎಲ್ ಪ್ರಕರಣ, 2020

ದಿನಾಂಕ 23-10-2020ರಂದು ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘವಾದ ಆರ್.ಐ.ಎ.ಎ., ಮೂಲ ಸಂಕೇತಗಳ ಭಂಡಾರವಾದ ಗಿಟ್‌ಹಬ್ ಸಂಸ್ಥೆಗೆ ನೋಟಿಸು ನೀಡಿತು. ಅದರ ಪರಿಣಾಮವಾಗಿ ಯೂಟ್ಯೂಬ್-ಡಿಎಲ್ ಹಾಗೂ ಅದರ ಪ್ರತಿಗಳನ್ನು ಭಂಡಾರದಿಂದ ತೆಗೆಯಲಾಯಿತು. ಸಂಘದ ಆಕ್ಷೇಪಣೆಗಳು ಮುಖ್ಯವಾಗಿ ಎರಡು:

(ಅ) ಯೂಟ್ಯೂಬ್ ತಾಣವು ವಿಡಿಯೊ ವಿಳಾಸವನ್ನು ಬದಲಾಗುವ ಸಂಕೇತದಿಂದ ಮರೆಮಾಡಿರುತ್ತದೆ. ಈ ತಾಂತ್ರಿಕ ರಕ್ಷಣಾ ಕ್ರಮವನ್ನು ಸಾಧನವು ಭೇದಿಸುತ್ತದೆ. ಇದು ಅಮೆರಿಕದ ಕೃತಿಸ್ವಾಮ್ಯ ಕಾನೂನಿನ 1201ನೇ ಕಲಮಿಗೆ ವಿರುದ್ಧ.

(ಆ) ಸಾಧನವನ್ನು ಪರೀಕ್ಷಿಸಲು ಮೂಲ ಸಂಕೇತದಲ್ಲಿ ನೀಡಿದ್ದ ಉದಾಹರಣೆಗಳಲ್ಲಿ ಪ್ರಸಿದ್ಧ ಗಾಯಕರ ವಾಣಿಜ್ಯ ಗೀತೆಗಳ ವಿಳಾಸಗಳಿದ್ದವು. ಆದುದರಿಂದ ಸಾಧನದ ಉದ್ದೇಶವೇ ಉಲ್ಲಂಘನೆ.

ಅಭಿವೃದ್ಧಿಕಾರರ ಪರವಾಗಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎಂಬ ಸಂಸ್ಥೆಯು ಉತ್ತರ ನೀಡಿತು. ತಾಣವು ಪ್ರತಿಯೊಬ್ಬ ವೀಕ್ಷಕನ ಬ್ರೌಸರಿಗೆ ಕಳುಹಿಸುವ ಸೂಚನೆಗಳನ್ನೇ ಈ ಸಾಧನವೂ ಅನುಸರಿಸುತ್ತದೆ. ಯಾವುದೇ ಬೀಗವನ್ನು ಮುರಿಯುವುದಿಲ್ಲ. ಪರೀಕ್ಷೆಯಲ್ಲಿ ಗೀತೆಯ ಕೆಲವೇ ಕ್ಷಣಗಳ ದತ್ತಾಂಶ ಮಾತ್ರ ಬಳಕೆಯಾಗುತ್ತಿತ್ತು. ಪತ್ರಕರ್ತರು, ಶಿಕ್ಷಕರು ಹಾಗೂ ಮಾನವ ಹಕ್ಕುಗಳ ಕಾರ್ಯಕರ್ತರು ಈ ಸಾಧನವನ್ನು ಬಳಸುತ್ತಾರೆ ಎಂಬುದು ಆ ಉತ್ತರದ ತಿರುಳು. ಅಭಿವೃದ್ಧಿಕಾರರು ಆಕ್ಷೇಪಿತ ಗೀತೆಗಳ ವಿಳಾಸಗಳನ್ನು ಪರೀಕ್ಷಾ ಭಾಗದಿಂದ ತೆಗೆದುಹಾಕಿದರು. ದಿನಾಂಕ 16-11-2020ರಂದು ಗಿಟ್‌ಹಬ್ ಈ ತಂತ್ರಾಂಶವನ್ನು ಮತ್ತೆ ಪ್ರಕಟಿಸಿತು. ಇಂತಹ ದೂರುಗಳನ್ನು ಮುಂದೆ ತಾಂತ್ರಿಕ ಹಾಗೂ ಕಾನೂನು ತಜ್ಞರಿಂದ ಪರಿಶೀಲಿಸಿದ ನಂತರವೇ ಕ್ರಮ ಕೈಗೊಳ್ಳುವುದಾಗಿ ಘೋಷಿಸಿ, ಅಭಿವೃದ್ಧಿಕಾರರ ಕಾನೂನು ರಕ್ಷಣೆಗಾಗಿ 10 ಲಕ್ಷ ಡಾಲರುಗಳ ನಿಧಿಯನ್ನು ಸ್ಥಾಪಿಸಿತು.

ಇದು ನ್ಯಾಯಾಲಯದ ತೀರ್ಪಲ್ಲ, ನೋಟಿಸು ಮತ್ತು ಉತ್ತರದ ಮೂಲಕ ಮುಗಿದ ಪ್ರಕರಣ ಎಂಬುದನ್ನು ನೆನಪಿನಲ್ಲಿಡಬೇಕು. ನೋಟಿಸು ಬಂದ ಮಾತ್ರಕ್ಕೆ ತಪ್ಪು ಸಾಬೀತಾದಂತೆ ಅಲ್ಲ. ಸಕಾರಣವಾದ ಲಿಖಿತ ಉತ್ತರಕ್ಕೆ ಬೆಲೆಯಿದೆ ಎಂಬುದೇ ಇದರಿಂದ ತಿಳಿಯಬೇಕಾದ ಅಂಶ.

4. ಭಿನ್ನ ನಿಲುವಿನ ತೀರ್ಪುಗಳು

ಎಲ್ಲ ದೇಶಗಳಲ್ಲಿಯೂ ಇದೇ ಫಲಿತಾಂಶ ಬಂದಿಲ್ಲ. ಜರ್ಮನಿಯಲ್ಲಿ ಸೋನಿ, ವಾರ್ನರ್ ಮತ್ತು ಯೂನಿವರ್ಸಲ್ ಸಂಗೀತ ಕಂಪನಿಗಳು, ಯೂಟ್ಯೂಬ್-ಡಿಎಲ್ ಯೋಜನೆಯ ಜಾಲತಾಣಕ್ಕೆ ಸ್ಥಳ ಒದಗಿಸಿದ್ದ ಊಬರ್‌ಸ್ಪೇಸ್ ಎಂಬ ಸಂಸ್ಥೆಯ ವಿರುದ್ಧ ದಾವೆ ಹೂಡಿದವು. ತಂತ್ರಾಂಶದ ಸಂಕೇತವು ಆ ಸಂಸ್ಥೆಯಲ್ಲಿ ಇರಲಿಲ್ಲ. ಸಂಕೇತವಿದ್ದ ಸ್ಥಳಕ್ಕೆ ಕೊಂಡಿ ನೀಡುವ ಪುಟ ಮಾತ್ರ ಇತ್ತು. ಆದರೂ ಹ್ಯಾಂಬರ್ಗ್ ಪ್ರಾದೇಶಿಕ ನ್ಯಾಯಾಲಯವು 2023ರ ಮಾರ್ಚ್ 31ರಂದು ಕಂಪನಿಗಳ ಪರವಾಗಿ ತೀರ್ಪು ನೀಡಿತು. ಅಮೆರಿಕದಲ್ಲಿ, 'ಯೌಟ್' ಎಂಬ ಸೇವೆಯು ತನ್ನ ಸಾಧನವು ಕಾನೂನುಬದ್ಧವೆಂದು ಘೋಷಿಸುವಂತೆ ಕೋರಿ ಆರ್.ಐ.ಎ.ಎ. ವಿರುದ್ಧ ಹೂಡಿದ್ದ ದಾವೆಯನ್ನು ಕನೆಕ್ಟಿಕಟ್ ಜಿಲ್ಲಾ ನ್ಯಾಯಾಲಯವು 2022ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು.

ಭಾರತದಲ್ಲಿಯೂ ದೆಹಲಿ ಉಚ್ಚ ನ್ಯಾಯಾಲಯವು 2023ರಲ್ಲಿ, ವಿಡಿಯೊದಿಂದ ಹಾಡಿನ ಧ್ವನಿಯನ್ನು ಬೇರ್ಪಡಿಸಿ ಕೊಡುವ ಸುಮಾರು 20 ಜಾಲತಾಣಗಳನ್ನು ನಿರ್ಬಂಧಿಸುವಂತೆ ಅಂತರ್ಜಾಲ ಸೇವಾ ಸಂಸ್ಥೆಗಳಿಗೆ ಆದೇಶಿಸಿತು. ಇದಕ್ಕೆ ಮುನ್ನ 2019ರ ಏಪ್ರಿಲ್ 10ರ ಯುಟಿವಿ ಸಾಫ್ಟ್‌ವೇರ್ ಪ್ರಕರಣದಲ್ಲಿ ಅದೇ ನ್ಯಾಯಾಲಯವು, ಉಲ್ಲಂಘನೆಯನ್ನೇ ಕಸುಬಾಗಿಸಿಕೊಂಡ ತಾಣಗಳು ಹೆಸರು ಬದಲಿಸಿ ಮರಳಿ ಬಂದರೂ ಅವುಗಳಿಗೆ ಅನ್ವಯಿಸುವಂತಹ ಪ್ರತಿಬಂಧಕಾಜ್ಞೆಗೆ ಅವಕಾಶ ಕಲ್ಪಿಸಿತ್ತು. ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಜಾಹೀರಾತಿನಿಂದ ಹಣ ಗಳಿಸುತ್ತಾ ಹಾಡುಗಳನ್ನು ಇಳಿಸಿಕೊಡುವ ಜಾಲತಾಣ ಒಂದು ಬಗೆ. ಬಳಕೆದಾರನು ತನ್ನ ಗಣಕಯಂತ್ರದಲ್ಲಿ ತಾನೇ ನಡೆಸುವ ಮುಕ್ತ ತಂತ್ರಾಂಶ ಇನ್ನೊಂದು ಬಗೆ. ಮೊದಲನೆಯದರ ವಿರುದ್ಧ ಬಂದ ಆದೇಶವು ತಾನಾಗಿಯೇ ಎರಡನೆಯದಕ್ಕೆ ಅನ್ವಯಿಸುವುದಿಲ್ಲ. ಅದೇ ರೀತಿ ವಿದೇಶಿ ನ್ಯಾಯಾಲಯಗಳ ತೀರ್ಪುಗಳು ಭಾರತದ ನ್ಯಾಯಾಲಯಗಳನ್ನು ಕಟ್ಟುಪಾಡಿಗೆ ಒಳಪಡಿಸುವುದಿಲ್ಲ.

5. ಭಾರತದ ಕಾನೂನು

ಕೃತಿಸ್ವಾಮ್ಯ ಅಧಿನಿಯಮ, 1957ನ್ನು 2012ರಲ್ಲಿ ತಿದ್ದುಪಡಿ ಮಾಡಲಾಗಿದ್ದು, ತಿದ್ದುಪಡಿಯು 21-06-2012ರಿಂದ ಜಾರಿಯಲ್ಲಿದೆ. ಈ ವಿಷಯಕ್ಕೆ ಸಂಬಂಧಿಸಿದ ಮುಖ್ಯ ಉಪಬಂಧಗಳು ಕೆಳಕಂಡಂತಿವೆ.

ಕಲಂ 65ಎ: ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ, ಪರಿಣಾಮಕಾರಿಯಾದ ತಾಂತ್ರಿಕ ರಕ್ಷಣಾ ಕ್ರಮವನ್ನು ಭೇದಿಸಿದವರಿಗೆ 2 ವರ್ಷಗಳವರೆಗೆ ಕಾರಾವಾಸ ಹಾಗೂ ಜುಲ್ಮಾನೆ ವಿಧಿಸಬಹುದು. 'ಉಲ್ಲಂಘಿಸುವ ಉದ್ದೇಶದಿಂದ' ಎಂಬ ಮಾತು ಇಲ್ಲಿ ನಿರ್ಣಾಯಕವಾದುದು. ಅಮೆರಿಕದ ಕಾನೂನು ಭೇದಿಸುವ ಸಾಧನದ ತಯಾರಿಕೆ ಮತ್ತು ವಿತರಣೆಯನ್ನೇ ನಿಷೇಧಿಸಿದರೆ, ಭಾರತದ ಕಲಂ 65ಎ ಭೇದಿಸಿದ ವ್ಯಕ್ತಿಯ ಉದ್ದೇಶವನ್ನು ಕೇಳುತ್ತದೆ. ಅಧಿನಿಯಮವು ಸ್ಪಷ್ಟವಾಗಿ ನಿಷೇಧಿಸದ ಉದ್ದೇಶಕ್ಕಾಗಿ ಮಾಡಿದ ಕಾರ್ಯಕ್ಕೆ ಈ ಕಲಂ ಅಡ್ಡಿಯಾಗುವುದಿಲ್ಲ. ಆದರೆ ಅಂತಹ ಕಾರ್ಯದಲ್ಲಿ ಇನ್ನೊಬ್ಬರಿಗೆ ನೆರವಾಗುವವರು, ನೆರವು ಪಡೆದವರ ಹೆಸರು, ವಿಳಾಸ, ಗುರುತಿನ ವಿವರ ಹಾಗೂ ಉದ್ದೇಶವನ್ನು ದಾಖಲೆಯಲ್ಲಿ ಇರಿಸತಕ್ಕದ್ದು.

ಕಲಂ 52: ಖಾಸಗಿ ಅಥವಾ ಸ್ವಂತ ಉಪಯೋಗ, ಸಂಶೋಧನೆ, ವಿಮರ್ಶೆ ಹಾಗೂ ಪ್ರಚಲಿತ ಘಟನೆಗಳ ವರದಿಗಾಗಿ ಕೃತಿಯ ನ್ಯಾಯಸಮ್ಮತ ಬಳಕೆಯು ಉಲ್ಲಂಘನೆಯಲ್ಲ. ಈ ಉದ್ದೇಶಗಳಿಗಾಗಿ ಕೃತಿಯನ್ನು ವಿದ್ಯುನ್ಮಾನ ಮಾಧ್ಯಮದಲ್ಲಿ ಸಂಗ್ರಹಿಸುವುದೂ ಉಲ್ಲಂಘನೆಯಲ್ಲವೆಂದು ವಿವರಣೆಯಲ್ಲಿ ಹೇಳಲಾಗಿದೆ. ಬೋಧನೆಯ ಸಂದರ್ಭದಲ್ಲಿ ಶಿಕ್ಷಕ ಅಥವಾ ವಿದ್ಯಾರ್ಥಿ ಮಾಡುವ ಪ್ರತಿಗೂ, ವಿಕಲಚೇತನರಿಗೆ ಅನುಕೂಲವಾಗುವ ರೂಪದಲ್ಲಿ ಲಾಭಾಪೇಕ್ಷೆಯಿಲ್ಲದೆ ಸಿದ್ಧಪಡಿಸುವ ಪ್ರತಿಗೂ ವಿನಾಯಿತಿಯಿದೆ. ಬಳಕೆಯು ನ್ಯಾಯಸಮ್ಮತವೇ ಎಂಬುದನ್ನು ಪ್ರತಿ ಸಂದರ್ಭದ ಸಂಗತಿಗಳ ಮೇಲೆ ನ್ಯಾಯಾಲಯವು ತೀರ್ಮಾನಿಸುತ್ತದೆ.

ಕಲಂ 63: ತಿಳಿದೂ ಉಲ್ಲಂಘಿಸಿದವರಿಗೆ ಅಥವಾ ಅದಕ್ಕೆ ಕುಮ್ಮಕ್ಕು ನೀಡಿದವರಿಗೆ 6 ತಿಂಗಳಿಗೆ ಕಡಿಮೆಯಿಲ್ಲದ ಹಾಗೂ 3 ವರ್ಷಗಳವರೆಗಿನ ಕಾರಾವಾಸ ಮತ್ತು 50 ಸಾವಿರ ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ ವಿಧಿಸಬಹುದು. ವ್ಯಾಪಾರದ ಲಾಭಕ್ಕಾಗಿ ಮಾಡಿರದಿದ್ದಲ್ಲಿ, ವಿಶೇಷ ಕಾರಣಗಳನ್ನು ದಾಖಲಿಸಿ ನ್ಯಾಯಾಲಯವು ಶಿಕ್ಷೆಯನ್ನು ಕಡಿಮೆ ಮಾಡಬಹುದು. ಈ ಅಪರಾಧವು ಸಂಜ್ಞೇಯ ಹಾಗೂ ಜಾಮೀನುರಹಿತವೆಂದು ಸರ್ವೋಚ್ಚ ನ್ಯಾಯಾಲಯವು ನಿಟ್ ಪ್ರೊ ಪ್ರಕರಣದಲ್ಲಿ 2022ರ ಮೇ 20ರಂದು ತೀರ್ಪು ನೀಡಿದೆ. ಆದುದರಿಂದ ಈ ವಿಷಯವನ್ನು ಲಘುವಾಗಿ ಭಾವಿಸತಕ್ಕದ್ದಲ್ಲ.

ಕಲಂ 64: ಉಪನಿರೀಕ್ಷಕ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿಯು ಉಲ್ಲಂಘನೆಯ ಪ್ರತಿಗಳನ್ನೂ ಅವುಗಳ ತಯಾರಿಕೆಗೆ ಬಳಸಿದ ಸಲಕರಣೆಗಳನ್ನೂ ವಾರಂಟ್ ಇಲ್ಲದೆ ಜಪ್ತಿ ಮಾಡಬಹುದು. ಜಪ್ತಿಯಾದ ವಸ್ತುವಿನಲ್ಲಿ ಹಿತಾಸಕ್ತಿಯುಳ್ಳವರು, ಅದನ್ನು ಮರಳಿ ಪಡೆಯಲು 15 ದಿನಗಳೊಳಗೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು.

ಇದಲ್ಲದೆ, ಅಪಾಯಕಾರಿ ಚಟುವಟಿಕೆಗಳ ತಡೆಗಾಗಿ ಇರುವ 1985ರ ಕರ್ನಾಟಕ ಅಧಿನಿಯಮವು, ಸಾಮಾನ್ಯವಾಗಿ ಗೂಂಡಾ ಕಾಯ್ದೆ ಎಂದು ಕರೆಯಲ್ಪಡುವಂತಹುದು, ಧ್ವನಿ ಮತ್ತು ವಿಡಿಯೊ ಕೃತಿಚೌರ್ಯ ಮಾಡುವವರನ್ನೂ, ವಾಣಿಜ್ಯ ಉದ್ದೇಶಕ್ಕಾಗಿ ಉದ್ದೇಶಪೂರ್ವಕವಾಗಿ ಕೃತಿಸ್ವಾಮ್ಯ ಉಲ್ಲಂಘಿಸುವವರನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಇದರಡಿ ಮುನ್ನೆಚ್ಚರಿಕೆಯ ಬಂಧನಕ್ಕೆ ಅವಕಾಶವಿದೆ.

6. ಕರ್ನಾಟಕದ ಒಂದು ನಿದರ್ಶನ

'ಕೆ.ಜಿ.ಎಫ್. ಚಾಪ್ಟರ್ 2' ಚಲನಚಿತ್ರದ ಹಿಂದಿ ಗೀತೆಗಳ ಹಕ್ಕು ತನ್ನದೆಂದು ಹೇಳಿ ಬೆಂಗಳೂರಿನ ಎಂ.ಆರ್.ಟಿ. ಮ್ಯೂಸಿಕ್ ಸಂಸ್ಥೆಯು, ಭಾರತ್ ಜೋಡೋ ಯಾತ್ರೆಯ ವಿಡಿಯೊದಲ್ಲಿ ಆ ಗೀತೆಗಳನ್ನು ಅನುಮತಿಯಿಲ್ಲದೆ ಬಳಸಲಾಗಿದೆಯೆಂದು 2022ರ ನವೆಂಬರ್‌ನಲ್ಲಿ ನ್ಯಾಯಾಲಯದ ಮೊರೆ ಹೋಯಿತು. ಬೆಂಗಳೂರಿನ ವಾಣಿಜ್ಯ ನ್ಯಾಯಾಲಯವು ಸಂಬಂಧಿತ ಟ್ವಿಟರ್ ಖಾತೆಗಳನ್ನೇ ತಾತ್ಕಾಲಿಕವಾಗಿ ನಿರ್ಬಂಧಿಸಲು ಆದೇಶಿಸಿತು. ಮರುದಿನವೇ ಕರ್ನಾಟಕ ಉಚ್ಚ ನ್ಯಾಯಾಲಯವು, ಆಕ್ಷೇಪಿತ ಭಾಗವನ್ನು ತೆಗೆದುಹಾಕಬೇಕೆಂಬ ಷರತ್ತಿನ ಮೇಲೆ ಆ ಆದೇಶವನ್ನು ತೆರವುಗೊಳಿಸಿತು.

ಈ ಪ್ರಕರಣವು ಡೌನ್‌ಲೋಡ್ ಸಾಧನಕ್ಕೆ ಸಂಬಂಧಿಸಿದ್ದಲ್ಲ. ಆದರೂ ಹಾಡಿನ ಒಂದು ತುಣುಕು ಬೇರೆ ವಿಡಿಯೊದಲ್ಲಿ ಸೇರಿದಾಗ ವಿವಾದವು ಎಷ್ಟು ಬೇಗ ಪೂರ್ಣ ಖಾತೆಯನ್ನು ತಟ್ಟಬಲ್ಲದು ಎಂಬುದೂ, ಆಕ್ಷೇಪಿತ ಭಾಗವನ್ನು ತೆಗೆದಾಗ ಉಳಿದ ಭಾಗಕ್ಕೆ ರಕ್ಷಣೆ ದೊರೆಯಬಲ್ಲದು ಎಂಬುದೂ ಇದರಿಂದ ವಿದಿತವಾಗುತ್ತದೆ.

7. ಸ್ಥಳೀಯವಾಗಿ ಉದ್ಭವಿಸುವ ಸಂದರ್ಭಗಳು

(1) ಶಾಲೆಗಳು: ಅಂತರ್ಜಾಲ ಸಂಪರ್ಕ ಸರಿಯಾಗಿ ದೊರೆಯದ ಗ್ರಾಮದ ಶಾಲೆಯ ಶಿಕ್ಷಕರು ಪಾಠದ ವಿಡಿಯೊವನ್ನು ಮೊದಲೇ ಇಳಿಸಿಕೊಂಡು ತರಗತಿಯಲ್ಲಿ ತೋರಿಸುವುದುಂಟು. ಬೋಧನೆಯ ಸಂದರ್ಭದ ಪ್ರತಿಗೆ ಕಲಂ 52ರ ರಕ್ಷಣೆಯಿದೆ. ವಿದ್ಯಾರ್ಥಿಗಳು, ಸಿಬ್ಬಂದಿ ಹಾಗೂ ಪೋಷಕರಿಗೆ ಸೀಮಿತವಾಗಿ ಶಾಲೆಯ ಚಟುವಟಿಕೆಯ ಅಂಗವಾಗಿ ಚಲನಚಿತ್ರ ತೋರಿಸುವುದಕ್ಕೂ ಅವಕಾಶವಿದೆ. ಆದರೆ ಅದೇ ವಿಡಿಯೊವನ್ನು ಶಾಲೆಯ ಯೂಟ್ಯೂಬ್ ಚಾನೆಲ್‌ಗೆ ಮರಳಿ ಏರಿಸುವುದು ಬೇರೆಯ ಸಂಗತಿ. ಅದಕ್ಕೆ ಅನುಮತಿ ಬೇಕು. ದೀಕ್ಷಾ ಆ್ಯಪ್‌ನಲ್ಲಿ ಪಾಠಗಳನ್ನು ಇಳಿಸಿಕೊಳ್ಳುವ ಸೌಲಭ್ಯವಿರುವುದರಿಂದ ಶಿಕ್ಷಕರು ಮೊದಲು ಅದನ್ನು ಉಪಯೋಗಿಸುವುದು ಸೂಕ್ತ.

(2) ಮದುವೆ ಚಿತ್ರೀಕರಣ: ಮದುವೆ ಮೆರವಣಿಗೆ ಹಾಗೂ ಅದಕ್ಕೆ ಸಂಬಂಧಿಸಿದ ಸಮಾರಂಭಗಳಲ್ಲಿ ಹಾಡು ನುಡಿಸುವುದಕ್ಕೆ ಕಲಂ 52ರಲ್ಲಿ ವಿನಾಯಿತಿಯಿದೆ. ಚಲನಚಿತ್ರಗೀತೆಯನ್ನು ಇಳಿಸಿಕೊಂಡು, ಮದುವೆಯ ವಿಡಿಯೊಗೆ ಜೋಡಿಸಿ, ಸ್ಟುಡಿಯೊದ ಪ್ರಚಾರಕ್ಕಾಗಿ ಅಂತರ್ಜಾಲಕ್ಕೆ ಏರಿಸುವುದನ್ನು ಅದೇ ವಿನಾಯಿತಿಯೆಂದು ತಿಳಿಯತಕ್ಕದ್ದಲ್ಲ. ಇನ್ನೊಂದು ಅಂಶ: ಹಣ ಕೊಟ್ಟು ಮಾಡಿಸಿದ ವಿಡಿಯೊದ ಪ್ರಥಮ ಹಕ್ಕುದಾರರು, ವ್ಯತಿರಿಕ್ತ ಕರಾರು ಇಲ್ಲದಿದ್ದಲ್ಲಿ, ಕಲಂ 17ರ ಪ್ರಕಾರ ಹಣ ಕೊಟ್ಟು ಮಾಡಿಸಿದವರೇ ಆಗಿರುತ್ತಾರೆ. ಆದುದರಿಂದ ಕುಟುಂಬದವರ ಒಪ್ಪಿಗೆಯನ್ನೂ ಬರವಣಿಗೆಯಲ್ಲಿ ಪಡೆಯಬೇಕು.

(3) ಮೊಬೈಲ್ ಅಂಗಡಿಗಳು: ಗ್ರಾಹಕರ ಮೆಮೊರಿ ಕಾರ್ಡಿಗೆ ಹಣ ಪಡೆದು ಹಾಡು ಮತ್ತು ಚಲನಚಿತ್ರಗಳನ್ನು ತುಂಬಿಕೊಡುವುದು ಸ್ವಂತ ಉಪಯೋಗವಲ್ಲ, ವ್ಯಾಪಾರ. ಕಲಂ 63 ಹಾಗೂ 64 ನೇರವಾಗಿ ಅನ್ವಯವಾಗುತ್ತವೆ. ಅಂಗಡಿಯ ಗಣಕಯಂತ್ರವೇ ಜಪ್ತಿಯಾಗಬಹುದು. ಬಳಸಿದ ತಂತ್ರಾಂಶವು ಉಚಿತ ಹಾಗೂ ಮುಕ್ತವಾಗಿತ್ತೆಂಬುದು ಇಲ್ಲಿ ಸಮರ್ಥನೆಯಾಗುವುದಿಲ್ಲ.

(4) ಜನಪದ ಕಲಾವಿದರು ಮತ್ತು ಭಜನಾ ಮೇಳಗಳು: ಸವದತ್ತಿ ಯಲ್ಲಮ್ಮನ ಚೌಡಿಕೆ ಪದ, ಗೀಗೀ ಪದ, ಸಂಗ್ಯಾ ಬಾಳ್ಯಾ ಸಣ್ಣಾಟ ಮುಂತಾದವು ಈ ಭಾಗದ ಸೊತ್ತು. ತಲೆಮಾರುಗಳಿಂದ ಬಂದ ಪದದ ಮೇಲೆ ಯಾರೊಬ್ಬರಿಗೂ ಏಕಸ್ವಾಮ್ಯವಿಲ್ಲ. ಆದರೆ ಅದನ್ನು ಹಾಡಿದವರಿಗೆ ಕಲಂ 38ರ ಪ್ರಕಾರ 50 ವರ್ಷಗಳ ಪ್ರದರ್ಶಕರ ಹಕ್ಕು ಉಂಟು; ಧ್ವನಿಮುದ್ರಣದ ಮೇಲೆ ಮುದ್ರಿಸಿದವರಿಗೆ 60 ವರ್ಷಗಳ ಕೃತಿಸ್ವಾಮ್ಯ ಉಂಟು. ಮೇಳದವರು ಹಾಡಿದ ವಿಡಿಯೊವನ್ನು ಮತ್ತೊಬ್ಬರು ಇಳಿಸಿಕೊಂಡು ತಮ್ಮ ಚಾನೆಲ್‌ನಲ್ಲಿ ತಮ್ಮದೇ ಎಂಬಂತೆ ಪ್ರಕಟಿಸಿದಲ್ಲಿ, ನಷ್ಟಕ್ಕೊಳಗಾಗುವವರು ಊರಿನ ಕಲಾವಿದರೇ. ಕಾನೂನು ಅವರ ಪರವಾಗಿಯೂ ಇದೆ ಎಂಬುದನ್ನು ಅವರು ತಿಳಿದಿರಬೇಕು.

(5) ತಂತ್ರಾಂಶ ರಚಿಸುವ ವಿದ್ಯಾರ್ಥಿಗಳು: ಮುಕ್ತ ತಂತ್ರಾಂಶಕ್ಕೂ ಕೃತಿಸ್ವಾಮ್ಯವಿರಬಹುದು, ಅಧಿನಿಯಮದಲ್ಲಿ ಗಣಕಯಂತ್ರದ ಕ್ರಮವಿಧಿಯು ಸಾಹಿತ್ಯ ಕೃತಿಯೆಂದೇ ಪರಿಗಣಿತ. ಇನ್ನೊಬ್ಬರ ಸಂಕೇತವನ್ನು ಬಳಸುವಾಗ ಅದರ ಪರವಾನಗಿಯ ಷರತ್ತುಗಳನ್ನು ಪಾಲಿಸಬೇಕು. ಪರೀಕ್ಷೆಗೆ ತಾವೇ ಚಿತ್ರಿಸಿದ ಅಥವಾ ಮುಕ್ತ ಪರವಾನಗಿಯ ವಿಡಿಯೊಗಳನ್ನು ಮಾತ್ರ ಬಳಸಬೇಕು. 2020ರ ಪ್ರಕರಣದಲ್ಲಿ ಆಕ್ಷೇಪಣೆಗೆ ಎಡೆಯಾದುದರಲ್ಲಿ ಪರೀಕ್ಷಾ ಉದಾಹರಣೆಗಳೂ ಒಂದು ಎಂಬುದನ್ನು ಮರೆಯಬಾರದು.

8. ವಿಡಿಯೊ ಇಳಿಸಿಕೊಳ್ಳುವ ಮುನ್ನ

(1) ತಾಣದಲ್ಲಿಯೇ ಇಳಿಸಿಕೊಳ್ಳುವ ಸೌಲಭ್ಯವಿದೆಯೇ ಎಂದು ನೋಡಬೇಕು. ಅದಿಲ್ಲದಿದ್ದಾಗ ಬೇರೆ ಸಾಧನ ಬಳಸುವುದು ಯೂಟ್ಯೂಬ್ ಸೇವಾ ಷರತ್ತುಗಳಿಗೆ ವಿರುದ್ಧವಾಗಬಹುದು. ಷರತ್ತಿನ ಭಂಗವು ಅಪರಾಧಕ್ಕೆ ಸಮವಲ್ಲ. ಆದರೆ ಖಾತೆ ರದ್ದಾಗುವ ಸಂಭವವಿದೆ.

(2) ವಿಡಿಯೊದ ವಿವರಣೆಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಉಲ್ಲೇಖವಿದೆಯೇ ಎಂದು ಪರಿಶೀಲಿಸಬೇಕು. ಇದ್ದಲ್ಲಿ, ಮೂಲ ರಚನಕಾರರ ಹೆಸರನ್ನು ನಮೂದಿಸಿ ಷರತ್ತಿನಂತೆ ಬಳಸಬಹುದು.

(3) ಪರವಾನಗಿ ಇಲ್ಲದಿದ್ದಲ್ಲಿ ಹಕ್ಕುದಾರರಿಂದ ಬರವಣಿಗೆಯಲ್ಲಿ ಅನುಮತಿ ಪಡೆಯಬೇಕು. ಯಾವ ಕೃತಿ, ಯಾವ ಬಳಕೆ, ಎಷ್ಟು ಅವಧಿ, ಎಷ್ಟು ಸಂಭಾವನೆ ಎಂಬುದು ಪತ್ರದಲ್ಲಿರಬೇಕು.

(4) ಸಾಧನವನ್ನು ಯೋಜನೆಯ ಅಧಿಕೃತ ಪುಟದಿಂದಲೇ ಪಡೆಯಬೇಕು. ಪರಿಚಿತ ಹೆಸರಿನ ನಕಲಿ ಪ್ರತಿಗಳಲ್ಲಿ ಹಾನಿಕಾರಕ ತಂತ್ರಾಂಶ ಸೇರಿರುವ ಅಪಾಯವಿದೆ.

9. ನೋಟಿಸು ಬಂದಲ್ಲಿ ಅನುಸರಿಸಬೇಕಾದ ಕ್ರಮ

(1) ನೋಟಿಸನ್ನು ನಿರ್ಲಕ್ಷಿಸಬಾರದು. ಗಾಬರಿಯಿಂದ ಹಣವನ್ನೂ ಪಾವತಿಸಬಾರದು. ಕಳುಹಿಸಿದವರು ಯಾರು, ಯಾವ ಕೃತಿ, ಹಕ್ಕಿನ ಆಧಾರವೇನು ಎಂಬ ವಿವರ ಅದರಲ್ಲಿದೆಯೇ ಎಂದು ನೋಡಬೇಕು.

(2) ಪ್ರಶ್ನಿತ ವಿಡಿಯೊ, ಅನುಮತಿ ಪತ್ರ, ಪಾವತಿ ರಸೀದಿ ಹಾಗೂ ಪತ್ರವ್ಯವಹಾರವನ್ನು ಸುರಕ್ಷಿತವಾಗಿಡಬೇಕು. ಯಾವುದನ್ನೂ ನಾಶಪಡಿಸಬಾರದು.

(3) ಬಳಕೆ ತಪ್ಪಾಗಿದ್ದಲ್ಲಿ ಆ ಭಾಗವನ್ನು ಸಾರ್ವಜನಿಕ ಪ್ರದರ್ಶನದಿಂದ ತೆಗೆದು, ತೆಗೆದ ದಿನಾಂಕವನ್ನು ಲಿಖಿತವಾಗಿ ತಿಳಿಸಬೇಕು. ಸರಿಯಾಗಿದ್ದಲ್ಲಿ ಕಾರಣ ಸಹಿತ ಉತ್ತರ ನೀಡಬೇಕು.

(4) ಯೂಟ್ಯೂಬ್ ತಾಣದಲ್ಲಿ ವಿಡಿಯೊ ತೆಗೆಯಲ್ಪಟ್ಟಲ್ಲಿ ಪ್ರತಿ-ಅಧಿಸೂಚನೆ ಸಲ್ಲಿಸಬಹುದು. ದೂರುದಾರರು 10 ಕೆಲಸದ ದಿನಗಳೊಳಗೆ ಕಾನೂನು ಕ್ರಮದ ಪುರಾವೆ ನೀಡದಿದ್ದಲ್ಲಿ ವಿಡಿಯೊ ಮರಳಿ ಪ್ರಕಟವಾಗಬಹುದು. 90 ದಿನಗಳಲ್ಲಿ ಮೂರು ಎಚ್ಚರಿಕೆಗಳು ಬಂದಲ್ಲಿ ಚಾನೆಲ್ ರದ್ದಾಗಬಹುದಾದ್ದರಿಂದ ವಿಳಂಬ ಸಲ್ಲದು.

(5) ಆಧಾರವಿಲ್ಲದೆ ಕಾನೂನು ಕ್ರಮದ ಬೆದರಿಕೆ ಹಾಕಿದಲ್ಲಿ, ಕಲಂ 60ರ ಮೇರೆಗೆ ತಾವು ಉಲ್ಲಂಘಿಸಿಲ್ಲವೆಂಬ ಘೋಷಣೆ, ಪ್ರತಿಬಂಧಕಾಜ್ಞೆ ಹಾಗೂ ನಷ್ಟ ಪರಿಹಾರ ಕೋರಿ ದಾವೆ ಹೂಡಬಹುದು. ಬೆದರಿಕೆ ಹಾಕಿದವರು ಕಾಲವಿಳಂಬವಿಲ್ಲದೆ ತಾವೇ ಉಲ್ಲಂಘನೆಯ ದಾವೆ ಹೂಡಿದಲ್ಲಿ ಈ ಪರಿಹಾರ ದೊರೆಯುವುದಿಲ್ಲ.

(6) ಪೊಲೀಸರು ಅಥವಾ ಕಂಪನಿಯವರೆಂದು ಹೇಳಿಕೊಂಡು ದೂರವಾಣಿಯಲ್ಲಿ ತಕ್ಷಣ ಹಣ ವರ್ಗಾಯಿಸುವಂತೆ ಒತ್ತಾಯಿಸುವುದು ವಂಚನೆಯ ಲಕ್ಷಣ. ಹಣ ಕಳೆದುಕೊಂಡಲ್ಲಿ ಕೂಡಲೇ 1930 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಬೇಕು.

10. ತಮ್ಮ ಕೃತಿಯನ್ನು ಇತರರು ಬಳಸಿಕೊಂಡಲ್ಲಿ

ಕೃತಿಸ್ವಾಮ್ಯ ನಿಯಮಗಳು, 2013ರ 75ನೇ ನಿಯಮದ ಪ್ರಕಾರ ಹಕ್ಕುದಾರರು ಜಾಲತಾಣದ ನಿರ್ವಾಹಕರಿಗೆ ಲಿಖಿತ ದೂರು ಸಲ್ಲಿಸಬಹುದು. ದೂರಿನಲ್ಲಿ ಕೃತಿಯ ವಿವರ, ಹಕ್ಕಿನ ಆಧಾರ, ಪ್ರತಿಯು ಇರುವ ವಿಳಾಸ ಹಾಗೂ ಅದು ಕಲಂ 52ರ ವಿನಾಯಿತಿಗೆ ಒಳಪಡುವುದಿಲ್ಲವೆಂಬ ಹೇಳಿಕೆ ಇರಬೇಕು. ನ್ಯಾಯಾಲಯದ ಆದೇಶವನ್ನು 21 ದಿನಗಳೊಳಗೆ ಹಾಜರುಪಡಿಸುವುದಾಗಿ ಮುಚ್ಚಳಿಕೆಯನ್ನೂ ನೀಡಬೇಕು. ನಿರ್ವಾಹಕರಿಗೆ ದೂರು ಮನವರಿಕೆಯಾದಲ್ಲಿ 36 ಗಂಟೆಗಳೊಳಗೆ ಕ್ರಮ ಕೈಗೊಳ್ಳುತ್ತಾರೆ. 21 ದಿನಗಳೊಳಗೆ ಆದೇಶ ಬಾರದಿದ್ದಲ್ಲಿ ಅವರು ಆ ಪ್ರತಿಯನ್ನು ಮರಳಿ ಪ್ರಕಟಿಸಬಹುದು.

ಕಲಾವಿದರು ಆಡಿಯೊ ಕಂಪನಿಗಳೊಂದಿಗೆ ಕರಾರು ಮಾಡಿಕೊಳ್ಳುವಾಗ ಕಲಂ 19ನ್ನು ಗಮನಿಸಬೇಕು. ಬರವಣಿಗೆಯಲ್ಲಿ ಇಲ್ಲದ ಹಾಗೂ ಸಹಿಯಿಲ್ಲದ ಹಸ್ತಾಂತರವು ಊರ್ಜಿತವಲ್ಲ. ಅವಧಿಯನ್ನು ನಮೂದಿಸದಿದ್ದಲ್ಲಿ ಅದು 5 ವರ್ಷಗಳಿಗೆ, ಪ್ರದೇಶವನ್ನು ನಮೂದಿಸದಿದ್ದಲ್ಲಿ ಅದು ಭಾರತಕ್ಕೆ ಮಾತ್ರ ಸೀಮಿತವೆಂದು ಪರಿಗಣಿಸಲಾಗುತ್ತದೆ. ಓದದೆ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕಬಾರದು.

11. ಕೃತಿಸ್ವಾಮ್ಯ ನೋಂದಣಿ

ನೋಂದಣಿ ಕಡ್ಡಾಯವಲ್ಲ, ಕೃತಿ ರಚನೆಯಾದಾಗಲೇ ಹಕ್ಕು ಉಂಟಾಗುತ್ತದೆ. ಆದರೆ ವಿವಾದದ ಸಮಯದಲ್ಲಿ ನೋಂದಣಿ ಪತ್ರವು ಮೇಲ್ನೋಟದ ಸಾಕ್ಷ್ಯವಾಗಿ ಉಪಯೋಗಕ್ಕೆ ಬರುತ್ತದೆ.

ಅರ್ಜಿ: ನಮೂನೆ 14ರಲ್ಲಿ, ವಿವರಗಳ ತಃಖ್ತೆಯೊಂದಿಗೆ, ನವದೆಹಲಿಯ ಕೃತಿಸ್ವಾಮ್ಯ ಕಚೇರಿಗೆ ಅಂತರ್ಜಾಲದ ಮೂಲಕ ಸಲ್ಲಿಸಬಹುದು. ಪ್ರತಿ ಕೃತಿಗೂ ಪ್ರತ್ಯೇಕ ಅರ್ಜಿ ಬೇಕು.

ಶುಲ್ಕ: ಸಾಹಿತ್ಯ, ನಾಟಕ, ಸಂಗೀತ ಕೃತಿಗೆ 500 ರೂ.; ಧ್ವನಿಮುದ್ರಣಕ್ಕೆ 2,000 ರೂ.; ಚಲನಚಿತ್ರ ಕೃತಿಗೆ 5,000 ರೂ.

ದಾಖಲೆಗಳು: ಕೃತಿಯ ಪ್ರತಿ, ಅರ್ಜಿದಾರರ ಗುರುತಿನ ವಿವರ, ಇತರ ಹಕ್ಕುದಾರರಿದ್ದಲ್ಲಿ ಅವರ ನಿರಾಕ್ಷೇಪಣಾ ಪತ್ರ. ತಂತ್ರಾಂಶವಾಗಿದ್ದಲ್ಲಿ ಮೂಲ ಸಂಕೇತದ ಮೊದಲ 10 ಹಾಗೂ ಕೊನೆಯ 10 ಪುಟಗಳು. ಒಟ್ಟು 20 ಪುಟಗಳಿಗಿಂತ ಕಡಿಮೆಯಿದ್ದಲ್ಲಿ ಪೂರ್ಣ ಸಂಕೇತ.

ಕಾಲಾವಧಿ: ಅರ್ಜಿ ಸಂಖ್ಯೆ ದೊರೆತ ನಂತರ ಆಕ್ಷೇಪಣೆಗಳಿಗಾಗಿ 30 ದಿನ ಕಾಯಲಾಗುವುದು, ತದನಂತರ ಪರಿಶೀಲನೆ ನಡೆಯುವುದು.

12. ಉಚಿತ ಕಾನೂನು ನೆರವು

ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ ಕಲಂ 12ರ ಮೇರೆಗೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ವಿಕಲಚೇತನರು, ಕೈಗಾರಿಕಾ ಕಾರ್ಮಿಕರು ಹಾಗೂ ನಿಗದಿತ ಆದಾಯ ಮಿತಿಯೊಳಗಿನವರು ಉಚಿತ ಕಾನೂನು ನೆರವಿಗೆ ಅರ್ಹರು. ಅರ್ಜಿಯನ್ನು ಸಮೀಪದ ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅಥವಾ ಬೆಳಗಾವಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಸಲ್ಲಿಸಬಹುದು. ಸಹಾಯವಾಣಿ: 15100. ಉಚ್ಚ ನ್ಯಾಯಾಲಯದ ಮಟ್ಟದಲ್ಲಿ ಬೆಳಗಾವಿ ಜಿಲ್ಲೆಯು ಧಾರವಾಡ ಪೀಠದ ವ್ಯಾಪ್ತಿಗೆ ಒಳಪಟ್ಟಿದೆ.

13. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಡೌನ್‌ಲೋಡ್ ಸಾಧನವನ್ನು ಗಣಕಯಂತ್ರದಲ್ಲಿ ಇಟ್ಟುಕೊಂಡ ಮಾತ್ರಕ್ಕೆ ಅಪರಾಧವಾಗುವುದೇ?
ಉತ್ತರ: ಇಲ್ಲ. ಕಲಂ 65ಎ ಮತ್ತು 63 ಎರಡೂ ವ್ಯಕ್ತಿಯ ಕೃತ್ಯ ಹಾಗೂ ಉದ್ದೇಶವನ್ನು ಆಧರಿಸಿವೆ.

ಪ್ರಶ್ನೆ: ಮೂಲ ಚಾನೆಲ್‌ನ ಹೆಸರನ್ನು ನಮೂದಿಸಿದರೆ ಸಾಕಲ್ಲವೇ?
ಉತ್ತರ: ಸಾಲದು. ಹೆಸರು ನಮೂದಿಸುವುದು ಗೌರವದ ಸಂಗತಿ. ಅದು ಅನುಮತಿಗೆ ಬದಲಿಯಲ್ಲ.

ಪ್ರಶ್ನೆ: 30 ಸೆಕೆಂಡುಗಳಿಗಿಂತ ಕಡಿಮೆ ಬಳಸಿದರೆ ತೊಂದರೆಯಿಲ್ಲವೆಂದು ಹೇಳುತ್ತಾರೆ. ಇದು ಸರಿಯೇ?
ಉತ್ತರ: ಅಧಿನಿಯಮದಲ್ಲಿ ಅಂತಹ ಮಿತಿ ಇಲ್ಲ. ಬಳಸಿದ ಭಾಗದ ಮಹತ್ವ ಮತ್ತು ಉದ್ದೇಶವನ್ನು ಪರಿಗಣಿಸಲಾಗುತ್ತದೆ.

ಪ್ರಶ್ನೆ: ನಮ್ಮ ಮೇಳದ ಹಳೆಯ ವಿಡಿಯೊ ನಮ್ಮ ಚಾನೆಲ್‌ನಲ್ಲಿಯೇ ಇದೆ, ಮೂಲ ಪ್ರತಿ ಕಳೆದುಹೋಗಿದೆ. ಇಳಿಸಿಕೊಳ್ಳಬಹುದೇ?
ಉತ್ತರ: ತಮ್ಮದೇ ಕೃತಿಯನ್ನು ತಾವು ಪಡೆದುಕೊಳ್ಳುವುದು ಉಲ್ಲಂಘನೆಯಲ್ಲ. ಯೂಟ್ಯೂಬ್ ಖಾತೆಯಲ್ಲಿ ಸ್ವಂತ ವಿಡಿಯೊಗಳನ್ನು ಇಳಿಸಿಕೊಳ್ಳುವ ಸೌಲಭ್ಯವೂ ಇದೆ. ಹಕ್ಕನ್ನು ಕಂಪನಿಗೆ ಹಸ್ತಾಂತರಿಸಿದ್ದಲ್ಲಿ ಕರಾರನ್ನು ಮೊದಲು ನೋಡಬೇಕು.

14. ಸೂಚನೆ

ಈ ಪುಟದ ವಿವರಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಸರಳವಾಗಿ ನೀಡಲಾಗಿದೆ. ಅಧಿನಿಯಮ ಮತ್ತು ನಿಯಮಗಳ ಮೂಲ ಪಾಠವೇ ಅಧಿಕೃತ. ನಿರ್ದಿಷ್ಟ ವಿವಾದವಿರುವವರು ದಾಖಲೆಗಳೊಂದಿಗೆ ವಕೀಲರನ್ನು ಅಥವಾ ಕಾನೂನು ಸೇವೆಗಳ ಸಮಿತಿಯನ್ನು ಸಂಪರ್ಕಿಸಲು ಕೋರಲಾಗಿದೆ. ಶುಲ್ಕ ಹಾಗೂ ನಮೂನೆಗಳನ್ನು ಅರ್ಜಿ ಸಲ್ಲಿಸುವ ದಿನದಂದು ಕೃತಿಸ್ವಾಮ್ಯ ಕಚೇರಿಯ ಜಾಲತಾಣದಲ್ಲಿ ಮತ್ತೊಮ್ಮೆ ಖಚಿತಪಡಿಸಿಕೊಳ್ಳತಕ್ಕದ್ದು.